ಕುರುಡ ಎಜೆಲ್‌ನ ಎರಡು ಕಣ್ಣು

ಎಜೆಲ್ ಪಿಂಕ್‌ಸ್ಟನ್‌ಗೆ ಹುಟ್ಟಿದಂದಿನಿಂದ ಎರಡು ಕಣ್ಣೂ ಚೆನ್ನಾಗಿಯೇ ಕಾಣುತ್ತಿದ್ದವು. ಹತ್ತಿ ಹೊಲದ ಆ ತುದಿಯಲ್ಲಿ ಮೇಸ್ತ್ರಿಯ ಕುದುರೆ ಕಿವಿ ಅಲ್ಲಾಡಿಸಿದರೆ ಈ ತುದಿಯಲ್ಲಿ ನಿಂತೇ ಕಂಡುಕೊಂಡು, ಮರದಡಿ ಒರಗಿದ್ದವರನ್ನೆಲ್ಲ ಎಬ್ಬಿಸಿ ಬಿಡುತ್ತಿದ್ದ. ಅಂಥವನನ್ನು ಕುರುಡನನ್ನಾಗಿ ಮಾಡಿದ್ದು ದೇವರಲ್ಲ, ಮೇಜು ಕುರ್ಚಿ ಮಾರುವ ಒಬ್ಬ ವ್ಯಾಪಾರಿ.

ಮಿಸಿಸಿಪಿಯ ಬಯಲಿನಲ್ಲಿ ಯಾಜೂ ನದಿ ಸೊಂಟ ತಿರುಗಿಸುವ ಕಡೆ ನಮ್ಮ ಟ್ಯಾಲೋ ಬೆಂಡ್ ಊರು. ಅಲ್ಲಿ ನೆಲ ಬಿಳಿಯರದು, ನೆಲದ ಮೇಲೆ ಬಗ್ಗಿದ ಬೆನ್ನು ಕರಿಯರದು. ಈ ಹಂಚಿಕೆ ದೇವರೇ ಮಾಡಿದ್ದು ಎಂದು ಬಿಳಿಯರ ಚರ್ಚಿನಲ್ಲಿ ಪ್ರತಿ ಭಾನುವಾರ ಹೇಳುತ್ತಿದ್ದರು. ಕರಿಯರ ಚರ್ಚಿನಲ್ಲಿ ದೇವರಿಗೆ ಅಷ್ಟು ಕೆಟ್ಟ ಹೆಸರು ಕೊಡುತ್ತಿರಲಿಲ್ಲ.

ಎಜೆಲ್‌ನ ತಾಯಿ ಅವನು ಅಂಬೆಗಾಲಿಡುವಾಗಲೇ ತೀರಿಕೊಂಡಳು. ಸಾಕಿದವಳು ಸೋದರತ್ತೆ ಕ್ಯಾಲಿ. ಅವಳಿಗೆ ಗಿಟಾರ್ ಕೊಳ್ಳುವ ಯೋಗ್ಯತೆ ಇರಲಿಲ್ಲ, ನುಡಿಸುವ ಚಪಲ ಬಿಡಲಿಲ್ಲ. ಪೊರಕೆಗೆ ಸುತ್ತಿದ ತಂತಿಯನ್ನು ಬಿಚ್ಚಿ, ಗುಡಿಸಲಿನ ಹೊರಗೋಡೆಗೆ ಮೊಳೆ ಹೊಡೆದು ಬಿಗಿದು, ಅಡಿಗೆ ಒಂದು ಸೀಸೆ ತುರುಕಿದಳು. ಒಂದು ಕೈಯಲ್ಲಿ ಮೀಟುತ್ತ ಇನ್ನೊಂದು ಕೈಯಿಂದ ಚಾಕುವಿನ ಬೆನ್ನನ್ನು ತಂತಿಯ ಮೇಲೆ ಜಾರಿಸಿದರೆ ಇಡೀ ಮನೆಯೇ ಕೊರಗಿದಂತೆ ಕೇಳಿಸುತ್ತಿತ್ತು. ಒಮ್ಮೆ ಮೇಸ್ತ್ರಿ ಕುದುರೆ ನಿಲ್ಲಿಸಿ, "ಏನೇ ಅದು ಸದ್ದು?" ಎಂದ.

"ಮನೆ ಅಳ್ತಾ ಇದೆ ಸಾರ್. ಸೋರ್ತದಲ್ಲ, ಅದಕ್ಕೆ," ಎಂದಳು ಅತ್ತೆ.

ಮೇಸ್ತ್ರಿ ಸೂರು ರಿಪೇರಿಯ ಮಾತು ಬರುವ ಮೊದಲೇ ಕುದುರೆ ಓಡಿಸಿದ.

"ಇದನ್ನ ನಿಂಗ್ಯಾರು ಕಲಿಸಿದ್ದು ಅತ್ತೆ?" ಎಂದು ಎಜೆಲ್ ಕೇಳಿದರೆ, "ನಮ್ಮಜ್ಜಿ," ಎನ್ನುವಳು. "ಅಜ್ಜಿಗೆ?" "ಅವಳಮ್ಮ. ಹಡಗಲ್ಲಿ ತುಂಬ್ಕೊಂಡು ಬಂದಾಗ ಕೈಕಾಲಿಗೆ ಬೇಡಿ ಹಾಕಿದ್ರು ಮಗಾ. ಕಿವಿಗೆ ಹಾಕೋ ಅಂಥ ಬೇಡಿ ಅವರ ಹತ್ರ ಇರ್ಲಿಲ್ಲ."

ಗೋಡೆಯಲ್ಲಿ ಕೈ ಪಳಗಿದ ಮೇಲೆ ಎಜೆಲ್ ಒಂದು ಹಳೆಯ ಗಿಟಾರ್ ಸಂಪಾದಿಸಿದ. ಹಾಡು ಎಲ್ಲಿಂದ ತಂದ ಎಂದರೆ, ಹೊಲದಿಂದಲೇ. ಉಳುವಾಗ ಹೇಸರಗತ್ತೆಯನ್ನು ಬೈಯುವುದಕ್ಕೆ ಒಂದು ರಾಗ ಇರುತ್ತಿತ್ತು. ಕತ್ತೆಯ ಹೆಸರು ತೆಗೆದು ಹೆಣ್ಣಿನ ಹೆಸರು ಹಾಕಿದರೆ ವಿರಹಗೀತೆ ಆಗುತ್ತಿತ್ತು. ಮಾಲೀಕನನ್ನು ಬೈಯಬೇಕಾದಾಗ ಹೆಣ್ಣಿನ ಹೆಸರಿನಲ್ಲೇ ಬೈದರಾಯಿತು. 'ನನ್ನೊಡತಿ ಕೊಟ್ಟ ಮಾತಿಗೆ ತಪ್ಪಿದಳು' ಎಂದು ಅವನು ಹಾಡಿದರೆ ಕೇಳುವವರಿಗೆಲ್ಲ ಆ ಒಡತಿಗೆ ಮೀಸೆ ಇದೆಯೆಂದು ಗೊತ್ತಿರುತ್ತಿತ್ತು. ಶನಿವಾರ ಸಂಜೆ ಯಾರದಾದರೂ ಮನೆಯಲ್ಲಿ ಮಂಚ ಹೊರಗಿಟ್ಟು, ಮೀನು ಕರಿದು, ಕಳ್ಳಭಟ್ಟಿ ಹಂಚುತ್ತಿದ್ದರು. ಎಜೆಲ್ ಮೂಲೆಯಲ್ಲಿ ಕೂತು ಕಾಲಿನಿಂದ ನೆಲ ಕುಟ್ಟುತ್ತ ನುಡಿಸಿದರೆ ಹಲಗೆಗಳು ಕಿತ್ತು ಬರುವ ಹಾಗೆ ಕುಣಿಯುತ್ತಿದ್ದರು. ಆ ಹಾಡುಗಳನ್ನು ಕೇಳಿ ಅಳುವುದು ಎಂಬ ಪದ್ಧತಿ ಆಗಿನ್ನೂ ಹುಟ್ಟಿರಲಿಲ್ಲ.

ಮೇಜು ಕುರ್ಚಿ ವ್ಯಾಪಾರಿ ಪರ್ವಿಸ್ ಗ್ರಾಮಫೋನನ್ನೂ ಮಾರುತ್ತಿದ್ದ. ಅದು ಪೆಟ್ಟಿಗೆ, ಪೆಟ್ಟಿಗೆ ಮೇಜಿನ ಜಾತಿ, ಆದ್ದರಿಂದ ಅದೂ ತನ್ನ ವ್ಯಾಪಾರ ಎಂಬುದು ಅವನ ಲೆಕ್ಕ. ಪೆಟ್ಟಿಗೆ ಖರ್ಚಾಗಬೇಕಾದರೆ ಹಾಡು ಬೇಕು. ೧೯೨೯ರ ಬೇಸಿಗೆಯಲ್ಲಿ ದೊಡ್ಡ ಊರಿನಿಂದ ಧ್ವನಿ ಹಿಡಿಯುವ ಯಂತ್ರ ತರಿಸಿ, ಅಂಗಡಿಯ ಅಟ್ಟದಲ್ಲಿ ಹಾಸಿಗೆಗಳ ನಡುವೆ ಎಜೆಲ್‌ನನ್ನು ಕೂರಿಸಿದ. ಮೊದಲ ಚರಣದಲ್ಲೇ ಗಿಟಾರಿನ ಒಂದು ತಂತಿ ಕಿತ್ತುಹೋಯಿತು. ನಿಲ್ಲಿಸಿದರೆ ಹಾಡು ಕೊರೆಯುತ್ತಿದ್ದ ಮೇಣದ ತಟ್ಟೆ ದಂಡ, ಎಜೆಲ್ ಉಳಿದ ತಂತಿಗಳಲ್ಲೇ ತಡವರಿಸುತ್ತ ಮುಂದುವರಿದ. ಎರಡನೆಯ ಚರಣದಲ್ಲಿ ಹಾಸಿಗೆಯ ಹತ್ತಿ ಧೂಳು ಗಂಟಲಿಗೆ ಹೋಗಿ 'ಹುಕ್' ಎಂದು ಕೆಮ್ಮು ಬಂತು. ಅದನ್ನೂ ನುಂಗಿ ಹಾಡಿ ಮುಗಿಸಿದ.

"ಚೆನ್ನಾಗಿ ಬರಲಿಲ್ಲ ಸಾರ್. ಇನ್ನೊಂದ್ ಸಲ ಹಾಡ್ಲಾ?"

"ಬೇಡ, ಸೆಖೆ. ಹೆಸರು ಹೇಳು. 'ಕುರುಡ ಎಜೆಲ್' ಅಂತ ಹಾಕಿಸ್ತೀನಿ."

"ನಂಗೆ ಕಣ್ಣು ಕಾಣ್ತದಲ್ಲ ಸಾರ್!"

"ರೆಕಾರ್ಡಿಗೆ ಕಾಣಲ್ವಲ್ಲಯ್ಯಾ. ಈ ವರ್ಷ ಕುರುಡರಿಗೆ ಒಳ್ಳೆ ಗಿರಾಕಿ."

ರೆಕಾರ್ಡು ಹೆಚ್ಚೇನೂ ಖರ್ಚಾಗಲಿಲ್ಲ. ಆದರೆ ಹೋಗಬಾರದ ಕಡೆಗೆ ಒಂದು ಹೋಯಿತು. ಪಕ್ಕದ ಊರಿನ ವರ್ಲೀನ್‌ಳನ್ನು ಎಜೆಲ್ ಮದುವೆಯಾಗುವುದೆಂದು ಮಾತಾಗಿತ್ತು. ಅವಳ ತಾಯಿ ಅಳಿಯನಾಗುವವನ ಮುಖ ಇನ್ನೂ ನೋಡಿರಲಿಲ್ಲ, ನೆರೆಮನೆಯಲ್ಲಿ ರೆಕಾರ್ಡು ನೋಡಿದಳು. "ಕುರುಡನಿಗೆ ಹೆಣ್ಣು ಕೊಟ್ಟು ಅವಳ ಕೈಯಲ್ಲಿ ಕೋಲು ಹಿಡಿಸ್ಲಾ?" ಎಂದು ಹೊಸಿಲಲ್ಲೇ ಕೂತುಬಿಟ್ಟಳು. ಎಜೆಲ್ ಓಡೋಡಿ ಬಂದು, ಅವಳ ಎದುರಿಗೇ ಸೂಜಿಗೆ ದಾರ ಪೋಣಿಸಿ ಕೊಟ್ಟ.

ವರ್ಲೀನ್‌ಳ ತಾಯಿ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, "ಕಣ್ಣಿದೆ, ಒಪ್ಪಿದೆ. ಹಂಗಾದ್ರೆ ಸುಳ್ಳ. ಸುಳ್ಳನಿಗೆ ಹೆಣ್ಣು ಕೊಡೋದು ನಮ್ಮ ವಂಶದಲ್ಲಿ ರೂಢಿ, ಕರ್ಕೊಂಡ್ಹೋಗು," ಎಂದಳು.

ವರ್ಲೀನ್ ಬಂದವಳೇ ಮೌಂಟ್ ನೇಬೋ ಚರ್ಚಿನ ಗಾಯನ ತಂಡಕ್ಕೆ ಸೇರಿದಳು. ಶನಿವಾರದ ಹಾಡು ಸೈತಾನನದು, ಭಾನುವಾರದ್ದು ದೇವರದು, ಒಂದೇ ಸೂರಿನಡಿ ಎರಡೂ ಬೇಡ ಎಂದು ತೀರ್ಮಾನಿಸಿ ಗಿಟಾರನ್ನು ಕೋಳಿಗೂಡಿಗೆ ಸಾಗಿಸಿದಳು. ಅಷ್ಟು ಹೊತ್ತಿಗೆ ದೇಶಕ್ಕೆ ಬಡತನ ಬಡಿದಿತ್ತು. ಹಾಡು ಕೊಳ್ಳುವವರಿಲ್ಲ, ಆದರೆ ಕೂದಲು ಮಾತ್ರ ಬಡವನಿಗೂ ಬೆಳೆಯುತ್ತದೆ. ಎಜೆಲ್ ಕ್ಷೌರ ಕಲಿತು ಬೀದಿಯಲ್ಲಿ ಅಂಗಡಿ ಇಟ್ಟ. ಗಿಟಾರಿನೊಳಗೆ ಒಂದು ಕಪ್ಪು ಹೇಟೆ ಮೊಟ್ಟೆ ಇಡುವುದನ್ನು ರೂಢಿ ಮಾಡಿಕೊಂಡಿತು. ಹೀಗೆ ಮೂವತ್ತೈದು ವರ್ಷ ಕಳೆಯಿತು.

೧೯೬೪ರ ಬೇಸಿಗೆಯಲ್ಲಿ ಉತ್ತರದ ನಂಬರಿನ ಕಾರೊಂದು ಅಂಗಡಿಯ ಮುಂದೆ ನಿಂತಿತು. ಎಜೆಲ್ ಆಗ ಪಾಸ್ಟರ್ ಸ್ಟ್ಯಾಕ್‌ಹೌಸ್ ಅವರ ಗಲ್ಲಕ್ಕೆ ನೊರೆ ಬಳಿದು ಕತ್ತಿ ಹಿಡಿದಿದ್ದ. ಒಳಬಂದವನು ಕನ್ನಡಕದ ಒಬ್ಬ ಬಿಳಿ ಯುವಕ.

"ನನ್ನ ಹೆಸರು ನಾರ್ಮನ್ ವಿಟ್ಲಾಕ್. ಕುರುಡ ಎಜೆಲ್ ಪಿಂಕ್‌ಸ್ಟನ್ ಅನ್ನೋ ಮಹಾನ್ ಕಲಾವಿದರನ್ನ ಎಲ್ಲಿ ಮಣ್ಣು ಮಾಡಿದ್ದಾರೆ, ಗೊತ್ತಾ?"

ಕತ್ತಿ ಪಾಸ್ಟರ್ ಗಂಟಲಿನ ಮೇಲೆ ನಿಂತಿತು.

"ಇನ್ನೂ ಮಾಡಿಲ್ಲ ಸಾರ್," ಎಂದ ಎಜೆಲ್. "ನಾನೇ ಅವನು."

ನಾರ್ಮನ್ ಕತ್ತಿಯನ್ನೂ ಕಣ್ಣನ್ನೂ ಪಾಸ್ಟರ್ ಗಂಟಲನ್ನೂ ಒಂದೊಂದಾಗಿ ನೋಡಿದ. "ಆದರೆ... ನೀವು ಕುರುಡರು!"

"ಮಗೂ, ಹಂಗನ್ಬೇಡ," ಎಂದರು ಪಾಸ್ಟರ್, ತುಟಿ ಅಲ್ಲಾಡಿಸದೆ. "ಅವನಿನ್ನೂ ನನ್ನ ಎಡಗಡೆ ಮುಗಿಸಿಲ್ಲ."

ನಾರ್ಮನ್‌ಗೆ ಸಂತೋಷಕ್ಕೆ ಕಣ್ಣೀರು ಬಂತು. "ಮಿಸ್ಟರ್ ಪಿಂಕ್‌ಸ್ಟನ್!" ಎಂದು ಕೈ ಹಿಡಿದು ಕುಲುಕಿದ. ಅಂಗಡಿಯಲ್ಲಿದ್ದವರೆಲ್ಲ ಗಾಬರಿಯಿಂದ ಕಿಟಕಿಯತ್ತ ನೋಡಿದರು. ಕರಿಯನೊಬ್ಬನನ್ನು 'ಮಿಸ್ಟರ್' ಎಂದು ಕರೆದ ಬಿಳಿಯನಿಗೂ, ಕರೆಸಿಕೊಂಡ ಕರಿಯನಿಗೂ ನಮ್ಮ ಷರೀಫ್ ಒಂದೇ ದೊಣ್ಣೆ ಇಟ್ಟಿದ್ದ. ಸಮಾನತೆ ಎನ್ನುವುದು ಊರಿನಲ್ಲಿ ಇದ್ದದ್ದು ಅದೊಂದೇ ಕಡೆ.

ಪಾಸ್ಟರ್ ಮುಖ ಒರೆಸಿಕೊಂಡು ಕೇಳಿದರು, "ಈ ಬೇಸಿಗೇಲಿ ಉತ್ತರದಿಂದ ಹುಡುಗರು ಬಂದು ನಮ್ಮವರನ್ನ ಮತದಾರರ ಪಟ್ಟಿಗೆ ಸೇರಿಸ್ತೀವಿ ಅಂತ ಏಟು ತಿಂತಾ ಇದ್ದಾರೆ. ನೀನೂ ಅವರ ಪೈಕೀನಾ?"

"ಅಲ್ಲ ಪಾಸ್ಟರ್. ನಾನು ಬ್ಲೂಸ್‌ಗೋಸ್ಕರ, ಅಂದ್ರೆ ನಿಮ್ಮ ಈ ಹೊಲದ ಹಾಡುಗಳಿಗೋಸ್ಕರ ಬಂದೋನು."

"ಬ್ಲೂಸ್ ಯಾಕೆ ಬಂತು ಅಂತ ಕೇಳೋರು ಒಂದು ಕಾರಲ್ಲಿ, ಬ್ಲೂಸ್ ಬೇಕು ಅನ್ನೋರು ಇನ್ನೊಂದು ಕಾರಲ್ಲಿ! ಪೆಟ್ರೋಲ್ ಅಗ್ಗ ಕಣಪ್ಪಾ ನಿಮ್ಮ ಕಡೆ."

ಎಜೆಲ್‌ನನ್ನು ಸಮುದ್ರದಂಡೆಯ ಒಂದು ದೊಡ್ಡ ಸಂಗೀತೋತ್ಸವಕ್ಕೆ ಕರೆದೊಯ್ಯಬೇಕೆಂಬುದು ನಾರ್ಮನ್‌ನ ಆಸೆ. ವರ್ಲೀನ್ ಬಾಗಿಲಿಗೆ ಅಡ್ಡ ನಿಂತಳು.

"ಸೈತಾನನ ಹಾಡಿಗೆ ನನ್ನ ಗಂಡನ್ನ ಕಳಿಸಬೇಕು ಅಂದ್ರೆ, ನಿನ್ನ ಕಾರನ್ನ ಮೊದ್ಲು ದೇವರ ಕೆಲಸಕ್ಕೆ ಹಚ್ಚು. ನಮ್ಮ ಚರ್ಚಿನ ಮುದುಕಿಯರನ್ನ ಕೋರ್ಟಿಗೆ ಕರ್ಕೊಂಡ್ಹೋಗು. ಓಟಿನ ಪಟ್ಟೀಲಿ ಹೆಸರು ಬರೆಸ್ಬೇಕು ಅಂತ ನಡ್ಕೊಂಡು ಹೋಗಿ ಹೋಗಿ ಅವರ ಮಂಡಿ ಸವೆದಿದೆ."

ನಾರ್ಮನ್ ಒಪ್ಪಿದ. ಕೋರ್ಟಿನ ಗುಮಾಸ್ತ ಎಂದಿನಂತೆ ಮುದುಕಿಯರಿಗೆ ಸಂವಿಧಾನದ ಒಂದು ಕಲಮಿನ ಅರ್ಥ ಕೇಳಿ, ಹೇಳಿದ್ದೆಲ್ಲ ತಪ್ಪು ಎಂದು ಹೊರಗೆ ಕಳಿಸಿದ. ಷರೀಫ್ ನಾರ್ಮನ್‌ನನ್ನು 'ಕಾರು ಅನುಮಾನಾಸ್ಪದವಾಗಿ ನಿಲ್ಲಿಸಿದ್ದ' ಎಂದು ಜೈಲಿಗೆ ಹಾಕಿದ. ಬಿಡುಗಡೆಯಾಗಿ ಬಂದಾಗ ಅವನ ತುಟಿ ಊದಿತ್ತು, ಮುಖದಲ್ಲಿ ಕಳೆ ಇತ್ತು. "ನಾನೂ ಜೈಲಿನ ಮೇಲೆ ಒಂದು ಹಾಡು ಕಟ್ಟಿದ್ದೀನಿ," ಎಂದು ಹಾಡಿ ತೋರಿಸಿದ. ವರ್ಲೀನ್ ತಾಳ್ಮೆಯಿಂದ ಒಂದು ಚರಣ ಕೇಳಿ, "ಸಾಕಪ್ಪಾ. ಅವರು ನಿನಗೆ ಇನ್ನೂ ಸ್ವಲ್ಪ ಹೊಡೀಬೇಕಿತ್ತು," ಎಂದು ತಟ್ಟೆಗೆ ಜೋಳದ ರೊಟ್ಟಿ ಹಾಕಿದಳು. ಕೋಳಿಗೂಡಿನಿಂದ ಗಿಟಾರ್ ಹೊರಬಂತು. ಹೇಟೆ ವಾರವೆಲ್ಲ ಮೊಟ್ಟೆ ಇಡಲಿಲ್ಲ.

ಉತ್ಸವದ ಮೈದಾನ ತಲುಪಿದ ಮೇಲೆ ನಾರ್ಮನ್ ತಲೆ ಕೆರೆದುಕೊಳ್ಳುತ್ತ ನಿಂತ. ಬೇಲಿಯ ಮೇಲೆಲ್ಲ 'ಕುರುಡ ಎಜೆಲ್' ಎಂಬ ಪೋಸ್ಟರು. ಅವನ ಒಂದು ಕೈಯಲ್ಲಿ ಕಪ್ಪು ಕನ್ನಡಕ, ಇನ್ನೊಂದು ಕೈಯಲ್ಲಿ ಹೊಲದಾಳುಗಳು ತೊಡುವ ಹೆಗಲಪಟ್ಟಿಯ ನೀಲಿ ಬಟ್ಟೆ.

"ಜನ ಅದನ್ನೇ ನಿರೀಕ್ಷೆ ಮಾಡ್ತಾರೆ ಮಿಸ್ಟರ್ ಪಿಂಕ್‌ಸ್ಟನ್. ಸಹಜವಾಗಿ ಇರಬೇಕಲ್ವಾ..."

"ಈ ಸೂಟು ನೋಡಪ್ಪಾ. ವರ್ಲೀನ್ ಇಸ್ತ್ರಿ ಮಾಡಿದ್ದು. ಹೊಲ ಬಿಟ್ಟ ದಿವಸ ಆ ನೀಲಿ ಬಟ್ಟೆ ಸುಟ್ಟು, ಅದರ ಬೆಂಕೀಲಿ ಗೆಣಸು ಬೇಯಿಸ್ಕೊಂಡು ತಿಂದೋನು ನಾನು."

ಆದರೂ ಹಾಕಿಕೊಂಡ. ಮೈದಾನದ ತುಂಬ ಕೂತ ಜನರನ್ನು ಕಂಡು ಎದೆ ಉಬ್ಬಿತ್ತು. ಮೂವತ್ತೈದು ವರ್ಷ ಗಲ್ಲ ಹೆರೆದವನಿಗೆ ಚಪ್ಪಾಳೆಯ ಹಸಿವು ಇರುವುದಿಲ್ಲವೇ? ಒಬ್ಬ ಹೆಂಗಸು ಅವನ ಮೊಣಕೈ ಹಿಡಿದು ವೇದಿಕೆಗೆ ನಡೆಸಿಕೊಂಡು ಬಂದಳು. ಅಭ್ಯಾಸಬಲ, ಎಜೆಲ್ ಬಾಯಿ ತಪ್ಪಿ, "ಅಮ್ಮಾ, ನಿಮ್ಮ ಬೂಟಿನ ದಾರ ಬಿಚ್ಚಿದೆ, ಮುಗ್ಗರಿಸ್ತೀರಿ," ಎಂದುಬಿಟ್ಟ. ಮೈಕು ತೆರೆದಿತ್ತು. ನಾರ್ಮನ್ ಮುಖ ಬಿಳುಚಿಕೊಂಡಿತು. ಮೈದಾನ ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುರುಡರಿಗೆ ಒಳಗಣ್ಣು ಇರುತ್ತದೆಂಬುದನ್ನು ಅವರೆಲ್ಲ ಓದಿದ್ದರು, ಇವತ್ತು ಕಣ್ಣಾರೆ ಕಂಡರು.

ಎಜೆಲ್ ರೇಡಿಯೋದಲ್ಲಿ ಕಲಿತ ಒಂದು ಕುಣಿತದ ಹಾಡು ಶುರುಮಾಡಿದ. ನಾರ್ಮನ್ ಕೆಳಗಿನಿಂದ ಬೇಡ ಬೇಡ ಎಂದು ಕೈ ಆಡಿಸಿದ. ಹಾಗಾದರೆ ಸರಿ ಎಂದು, ಸತ್ತ ಹೇಸರಗತ್ತೆಯ ಹಾಡು ಎತ್ತಿಕೊಂಡ. ನಮ್ಮೂರಿನಲ್ಲಿ ಅದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಲ್ಲಿ ಮುಂದಿನ ಸಾಲಿನ ಹುಡುಗಿಯರು ಕರವಸ್ತ್ರ ತೆಗೆದರು.

ಆಮೇಲೆ ಡೇರೆಯಲ್ಲಿ ಪ್ರೊಫೆಸರ್ ಪ್ರೆಂಟಿಸ್ ಎಂಬ ವಿದ್ವಾಂಸರು ಅವನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ರೆಕಾರ್ಡಿನ ಎರಡನೇ ಚರಣದಲ್ಲಿ ಉಸಿರು ಕಟ್ಟಿದ ಆ ಸದ್ದು... ಅದು ಮೂರು ಶತಮಾನದ ನೋವು ಗಂಟಲಲ್ಲಿ ಸಿಕ್ಕಿಕೊಂಡಿದ್ದು, ಅಲ್ಲವೇ?"

"ಹೌದು ಸಾರ್," ಎಂದ ಎಜೆಲ್ ಗಂಭೀರವಾಗಿ. "ಮೂರೇನು, ಮೂರೂವರೆ ಅಂತ್ಲೇ ಬರ್ಕೊಳ್ಳಿ."

"ತಂತಿಗಳ ನಡುವೆ ಒಂದನ್ನು ಬೇಕೆಂದೇ ಮೌನವಾಗಿ ಇಟ್ಟಿದ್ದೀರಿ!"

"ಅದು ಬಹಳ ಕಷ್ಟದ ವಿದ್ಯೆ ಸಾರ್."

ಅಂದು ಸಂಜೆಯ ಸರದಿಯಲ್ಲಿ ಎರಡನೆಯ ಚರಣಕ್ಕೆ ಅವನೇ ಬೇಕೆಂದು 'ಹುಕ್' ಎಂದು ಕೆಮ್ಮಿದ. ಸುರಿಮಳೆಯ ಹಾಗೆ ಚಪ್ಪಾಳೆ ಬಿತ್ತು.

ಮಾರನೆಯ ದಿನ ಮಧ್ಯಾಹ್ನ ಡೇರೆಯ ನೆರಳಿನಲ್ಲಿ ಕೂತಿದ್ದಾಗ ಪಕ್ಕದ ಕುರ್ಚಿಯ ಮುದುಕ ಬಾಯಲ್ಲಿ ಸಿಗರೇಟು ಇಟ್ಟುಕೊಂಡು, "ಬೆಂಕಿ ಇದೆಯೇನಪ್ಪಾ?" ಎಂದ. ಅವನ ಹೆಸರು ಸಿಮ್ಮಿ ಗೇತ್‌ರೈಟ್. ಜಾರ್ಜಿಯಾದ ಬೀದಿಗಳಲ್ಲಿ ಹಾಡಿ ಬದುಕಿದವನು, ಸಿಡುಬಿನಲ್ಲಿ ಎರಡೂ ಕಣ್ಣು ಕಳೆದುಕೊಂಡವನು. ಎಜೆಲ್ ಕಡ್ಡಿ ಗೀರಿ ಹಚ್ಚಿಕೊಟ್ಟ.

ಸಿಮ್ಮಿ ಹೊಗೆ ಬಿಟ್ಟು, "ನೀನೇ ಅಲ್ವಾ ಕುರುಡ ಎಜೆಲ್?" ಎಂದ.

"ಹೌದಣ್ಣಾ."

"ಒಂದೇ ಗೀರಿಗೆ ನೆಟ್ಟಗೆ ತುದೀಗೇ ಹಚ್ಚಿದೆ. ಬೀದೀಲಿ ಎಷ್ಟೋ ಜನ ಕುರುಡರ ಜೊತೆ ಸೇದಿದ್ದೀನಿ. ಒಬ್ಬನೂ ನನ್ನ ಮೀಸೆ ಉಳಿಸಿಲ್ಲ."

ಎಜೆಲ್ ನಕ್ಕ. ಸಿಮ್ಮಿ ನಗಲಿಲ್ಲ.

"ನಂಗೆ ಮೂರು ಹಾಡು ಅಂತ ಹೇಳಿ ಕರೆಸಿದ್ರು ತಮ್ಮಾ. ಇಲ್ಲಿಗೆ ಬಂದ್ಮೇಲೆ ಒಂದಕ್ಕೆ ಇಳಿಸಿದ್ರು. ಯಾಕೆ ಅಂದೆ. 'ಒಂದೇ ಕಾರ್ಯಕ್ರಮಕ್ಕೆ ಇಬ್ಬರು ಕುರುಡರು ಜಾಸ್ತಿ ಆಗುತ್ತೆ' ಅಂದ್ರು. ಇರ್ಲಿ ಬಿಡು. ನೀನು ಆ ಕನ್ನಡಕ ತೆಗೆದಿಟ್ಟು ಮನೆಗೆ ಹೋಗ್ತೀಯ. ನಾನು ಏನು ತೆಗೆದಿಟ್ಟು ಹೋಗ್ಲಿ?"

ಇಷ್ಟು ಹೊತ್ತು ಎಜೆಲ್ ಮೋಸ ಮಾಡುತ್ತಿದ್ದದ್ದು ಬಿಳಿಯರಿಗೆ ಎಂದುಕೊಂಡಿದ್ದ. ಅದರಲ್ಲಿ ಪಾಪವೇನೂ ಅವನಿಗೆ ಕಂಡಿರಲಿಲ್ಲ. ಈ ಮುದುಕನ ಎರಡು ಹಾಡು ತನ್ನ ಜೇಬಿನಲ್ಲಿವೆ ಎಂದು ಗೊತ್ತಾದಾಗ ಆ ನೀಲಿ ಬಟ್ಟೆ ಮೈಗೆ ಚುಚ್ಚತೊಡಗಿತು.

ಅವನ ಸರದಿ ಬಂತು. ಕೈ ಹಿಡಿಯಲು ಬಂದ ಹೆಂಗಸನ್ನು ಬಿಟ್ಟು ತಾನೇ ದುಡುದುಡು ಮೆಟ್ಟಿಲು ಹತ್ತಿದ. ಕನ್ನಡಕ ತೆಗೆದು ಮೈಕಿನ ಮುಂದೆ ನಿಂತ.

"ನಂಗೆ ಕಣ್ಣು ಕಾಣ್ತದೆ. ಯಾವಾಗ್ಲೂ ಕಾಣ್ತಿತ್ತು. ಆ ಕೆಮ್ಮು ಹಾಸಿಗೆ ಧೂಳಿಂದ ಬಂದಿದ್ದು. ತಂತಿ ಕಿತ್ತುಹೋಗಿತ್ತು. ನನ್ನ ಪಾಲಿನ ಹಾಡನ್ನ ಸಿಮ್ಮಿ ಅಣ್ಣ ಹಾಡ್ತಾನೆ, ಕೂತು ಕೇಳಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಉತ್ತರದಲ್ಲೂ ನಡೆಯುತ್ತದೆ. ಮೊದಲು ಹಿಂದಿನ ಸಾಲಿನಲ್ಲಿ ಯಾರೋ "ಪವಾಡ!" ಎಂದು ಕೂಗಿದರು. ಮುಂದಿನ ಸಾಲಿನವರಿಗೆ ಮಾತು ಸರಿಯಾಗಿ ಕೇಳಿಸಿತ್ತು, ಅವರು "ಮೋಸಗಾರ!" ಎಂದು ಕೂಗಿದರು. ನಿನ್ನೆ ಕರವಸ್ತ್ರ ತೆಗೆದಿದ್ದ ಹುಡುಗಿಯೊಬ್ಬಳು ಅತ್ತದ್ದೆಲ್ಲ ದಂಡವಾಯಿತೆಂದು ಮತ್ತೆ ಅತ್ತಳು. ಸಿಮ್ಮಿ ಬಂದು ಕೂತು ತನ್ನ ಒಂದು ಹಾಡು, ಎಜೆಲ್‌ನ ಪಾಲಿನ ಮೂರು ಹಾಡು, ಹೊಟ್ಟೆಕಿಚ್ಚು ಬರುವಷ್ಟು ಚೆನ್ನಾಗಿ ಹಾಡಿದ. ಅರ್ಧ ಜನ ಆಗಲೇ ಪ್ರೊಫೆಸರ್ ಪ್ರೆಂಟಿಸ್‌ರ ಸುತ್ತ ಸೇರಿ ವಾದ ಮಾಡುತ್ತಿದ್ದರು. ಉಳಿದ ಅರ್ಧ ಕೂತು ಕೇಳಿತು. ಎಜೆಲ್ ವೇದಿಕೆಯ ಅಂಚಿನಲ್ಲಿ ಕೂತು ಕಾಲಿನಿಂದ ಹಲಗೆ ಕುಟ್ಟಿದ.

ವಾಪಸ್ ಬರುವಾಗ ಕಾರಿನಲ್ಲಿ ನಾರ್ಮನ್, "ತಪ್ಪು ನಂದು," ಎಂದ.

"ಪೋಸ್ಟರ್ ಅಚ್ಚಾಗಿ ಹೋಗಿತ್ತಲ್ಲಪ್ಪಾ, ನೀನೇನು ಮಾಡ್ತೀಯ. ಜನಕ್ಕೆ ಕುರುಡರೇ ಬೇಕು ಅಂತ ಆ ಪರ್ವಿಸನೂ ಅಂದಿದ್ದ," ಎಂದು ಎಜೆಲ್ ಅವನನ್ನು ಸಮಾಧಾನ ಮಾಡಿದ. ಅದು ಸಮಾಧಾನವಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ, ನಾರ್ಮನ್ ಇನ್ನಷ್ಟು ಸಪ್ಪಗಾದ.

ಕೆಲವು ತಿಂಗಳ ಮೇಲೆ ಪ್ರೊಫೆಸರ್ ಒಂದು ಲೇಖನ ಬರೆದರು. ನಿಜವಾದ ಕುರುಡ ಎಜೆಲ್ ಮೂವತ್ತರ ದಶಕದಲ್ಲೇ ತೀರಿಕೊಂಡಿದ್ದಾನೆ, ಆ ಕೆಮ್ಮನ್ನು ಬರಿಯ ಧೂಳೆಂದು ಹೇಳುವವನು ಅವನಾಗಿರಲು ಸಾಧ್ಯವೇ ಇಲ್ಲ, ಟ್ಯಾಲೋ ಬೆಂಡ್‌ನ ಕ್ಷೌರಿಕ ಒಬ್ಬ ನಕಲಿ ಮನುಷ್ಯ ಎಂದು ಸಾಧಿಸಿದರು. ನಾರ್ಮನ್ ಕಳಿಸಿದ ಆ ಪತ್ರಿಕೆಯನ್ನು ವರ್ಲೀನ್ ಗಟ್ಟಿಯಾಗಿ ಓದಿದಳು.

"ಕೇಳಿದ್ರಾ? ನೀವು ಸತ್ತು ಮೂವತ್ತು ವರ್ಷ ಆಯ್ತಂತೆ."

"ಯಾತಕ್ಕೆ ಸತ್ತೆ ಅಂತ ಬರೆದಿದ್ದಾರೆ?"

"ಅದು ಗೊತ್ತಿಲ್ವಂತೆ. ಈ ಮನೇಲಿ ದಿನಾ ಎರಡು ಸಲ ಬಡಿಸ್ಕೊಂಡು ತಿಂತಿರೋದು ಯಾರು ಹಂಗಾದ್ರೆ?"

ನಾರ್ಮನ್ ಫೋನು ಮಾಡಿ, ಒಂದು ಸಲ ಹಾಡಿ ರೆಕಾರ್ಡು ಮಾಡಿಕೊಟ್ಟರೆ ದನಿ ಹೋಲಿಸಿ ನೋಡಿ ಅವನೇ ಇವನೆಂದು ಸಾಬೀತು ಮಾಡುತ್ತೇನೆ ಎಂದ. ಎಜೆಲ್ ಒಪ್ಪಲಿಲ್ಲ. "ನಾನು ನಾನೇ ಅಂತ ತೋರಿಸು ಅನ್ನೋರು ಕೋರ್ಟಲ್ಲೇ ಬೇಕಾದಷ್ಟಿದ್ದಾರೆ ಕಣಪ್ಪಾ. ಹೊಸಬರನ್ನ ಹುಡುಕ್ಬೇಡ."

ಮರುವರ್ಷ ಕಾನೂನು ಬದಲಾಗಿ, ದೇಶದ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದು ಅಂಚೆ ಕಚೇರಿಯಲ್ಲಿ ಕೂತು ಮತದಾರರ ಹೆಸರು ಬರೆದುಕೊಂಡ. ಎಜೆಲ್ ಸೂಟು ಹಾಕಿಕೊಂಡು, ಮುದುಕಿಯರ ಹಿಂದೆ ಇಡೀ ಬೆಳಿಗ್ಗೆ ಬಿಸಿಲಲ್ಲಿ ನಿಂತ. ಅಧಿಕಾರಿ ಯಾವ ಕಲಮಿನ ಅರ್ಥವನ್ನೂ ಕೇಳಲಿಲ್ಲ. ಹೆಸರು ಕೇಳಿದ, ಬರೆದುಕೊಂಡ, "ಮುಂದಿನವರು," ಎಂದ. ಹೊರಗೆ ಬಂದು ಎಜೆಲ್ ಪಾಸ್ಟರ್ ಹತ್ತಿರ ಗೊಣಗಿದ: "ಅಷ್ಟೇನಾ? ಇಷ್ಟಕ್ಕೇ ನಮ್ಮನ್ನ ಇಷ್ಟು ವರ್ಷ ಓಡಾಡಿಸಿದ್ರಾ?" ಪಾಸ್ಟರ್ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅದಾದ ಮೇಲೆ ಒಂದು ದಿನ ಅಂಗಡಿಯ ರೇಡಿಯೋದಲ್ಲಿ ಇಂಗ್ಲೆಂಡಿನ ಹುಡುಗರ ತಂಡವೊಂದು ಹಾಡಿತು. ಗಿಟಾರಿಗೆ ಕರೆಂಟು ಕೊಟ್ಟು, ಮನೆ ಕುಸಿಯುವ ಹಾಗೆ ಬಡಿಯುತ್ತಿದ್ದರು. ರಾಗ ಮಾತ್ರ ಎಜೆಲ್‌ನದು. ಒಂದು ತಂತಿ ಕಿತ್ತುಹೋದವನ ತಡವರಿಕೆಯೂ ಇತ್ತು. ಎರಡನೆಯ ಚರಣಕ್ಕೆ ಸರಿಯಾಗಿ ಆ ಹುಡುಗ 'ಹುಕ್' ಎಂದ.

ಗಂಡನಿಗೆ ಊಟ ತಂದಿದ್ದ ವರ್ಲೀನ್, "ಅಯ್ಯೋ ಪಾಪ. ಆ ಮಗೂಗೆ ಯಾರಾದ್ರೂ ಜೇನುತುಪ್ಪ ಕೊಡ್ಬಾರ್ದಾ?" ಎಂದಳು.

ಆ ಹಾಡಿನ ಬೆನ್ನು ಹತ್ತಿ ಯುವಕರು ಬರತೊಡಗಿದರು. ಪ್ರೊಫೆಸರರ ಲೇಖನ ಓದದವರು, ಓದಿಯೂ ನಂಬದವರು. ಎಲ್ಲರಿಗೂ ಹೆಗಲ ತನಕ ಕೂದಲು. ಎಜೆಲ್ ಒಂದೇ ಷರತ್ತು ಹಾಕಿದ: ಮೊದಲು ಕುರ್ಚಿ, ಆಮೇಲೆ ಗಿಟಾರ್. ಹೀಗೆ ಅಮೆರಿಕದ ಎಷ್ಟೋ ತಾಯಂದಿರು ಮಕ್ಕಳನ್ನು ಬೈದೂ ಹೊಡೆದೂ ಮಾಡಿಸಲಾಗದ ಕ್ಷೌರವನ್ನು ಬ್ಲೂಸ್ ಮಾಡಿಸಿತು. ಕೂದಲು ಕೊಟ್ಟವರಿಗೆ ಅವನು ಕುಣಿತದ ಹಾಡನ್ನೇ ಕೇಳಿಸುತ್ತಿದ್ದ. ದುಃಖದ್ದು ಬೇಕು ಎಂದವರಿಗೆ, "ಕನ್ನಡಿ ನೋಡ್ಕೊಳ್ಳಪ್ಪಾ, ಬರುತ್ತೆ," ಎನ್ನುತ್ತಿದ್ದ.

೧೯೭೩ರ ಮಾರ್ಚಿನಲ್ಲಿ, ಗಿರಾಕಿಗೆ ಕಾಯುತ್ತ ತನ್ನ ಅಂಗಡಿಯ ಕುರ್ಚಿಯಲ್ಲೇ ಎಜೆಲ್ ತೀರಿಕೊಂಡ. ಜಾರ್ಜಿಯಾದಿಂದ ಸಿಮ್ಮಿ ಗೇತ್‌ರೈಟ್ ಬಸ್ಸಿನಲ್ಲಿ ಬಂದ. ಸೈತಾನನ ಹಾಡಿಗೆ ಮೌಂಟ್ ನೇಬೋ ಚರ್ಚಿನೊಳಗೆ ಅಪ್ಪಣೆ ಇಲ್ಲ, ಅದು ಎಜೆಲ್‌ನಿಗಾದರೂ ಅಷ್ಟೇ ಎಂದು ಪಾಸ್ಟರ್ ಸ್ಟ್ಯಾಕ್‌ಹೌಸ್ ಖಡಾಖಂಡಿತವಾಗಿ ಹೇಳಿದರು. ಸಿಮ್ಮಿ ಹೊರಗೆ ಮೆಟ್ಟಿಲ ಮೇಲೆ ಕೂತು ಗಿಟಾರಿಗೆ ಶ್ರುತಿ ಮಾಡಿಕೊಂಡ. ಪಾಸ್ಟರ್ ಒಳಗೆ ಪ್ರಾರ್ಥನೆ ಶುರುಮಾಡಿದರು, ಸಿಮ್ಮಿ ಹೊರಗೆ ಸತ್ತ ಹೇಸರಗತ್ತೆಯ ಹಾಡು ಶುರುಮಾಡಿದ. ಹಿಂದಿನ ಬೆಂಚಿನಲ್ಲಿ ಯಾರೋ ಮುದುಕಿ ಕಿಸಕ್ಕನೆ ನಕ್ಕಳು, ಅವಳನ್ನು ನೋಡಿ ಪಕ್ಕದವಳೂ ನಕ್ಕಳು. ಮೊದಲ ಸಾಲಿನಲ್ಲಿ ಕೂತಿದ್ದ ವರ್ಲೀನ್ ಎದ್ದಳು. ಗದರಿಸಲು ಹೊರಟಳೆಂದು ಎಲ್ಲರೂ ತಲೆ ತಗ್ಗಿಸಿದರು. ಅವಳು ನಡುದಾರಿಯಲ್ಲಿ ನಡೆದು ಹೋಗಿ, ಚರ್ಚಿನ ಬಾಗಿಲನ್ನು ಎರಡೂ ಕಡೆ ಅಗಲವಾಗಿ ತೆರೆದಿಟ್ಟು, ವಾಪಸ್ ಬಂದು ಕೂತಳು.